ನೋಡೋಣಪ್ಪನ ನಲ್ಲಿ ರಿಪೇರಿ

ಗಂಡನಿಗೆ ಕಾರ್ಖಾನೆಯಲ್ಲಿ ನೋಡೋಣಪ್ಪ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ ಅವಳಿಗೆ ಗೊತ್ತಿರಲಿಲ್ಲ. ಆದರೂ ಮನಸ್ಸಿನಲ್ಲೇ ಅವನಿಗೆ ಎಷ್ಟೋ ಸಲ ಕೈ ಮುಗಿದಿದ್ದಳು. ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ನೋಡೋಣಪ್ಪ ಮೇಲ್ವಿಚಾರಕ. ಮೆಷಿನ್ ಕೆಟ್ಟು ನಿಂತರೆ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ "ನೋಡೋಣ" ಅನ್ನುವುದು. ಬೇರೆ ಯಾರಾದರೂ ಸರಿಮಾಡಿದ ಮೇಲೆ "ನಾನು ಅಂದ್ಕೊಂಡಿದ್ದೂ ಅದನ್ನೇ" ಅನ್ನುವುದು. ಅಷ್ಟರಿಂದಲೇ ಬಡ್ತಿ ಕೂಡ ಹೊಡೆದುಕೊಂಡಿದ್ದ.

ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವವಳು. ಅಲ್ಲಿ ನೋಡೋಣ ಅಂತ ಕೂತರೆ ರೋಗಿಗಳಿಗೆ ಒಗೆದ ಹೊದಿಕೆ ಇರುವುದಿಲ್ಲ.

ಅಡುಗೆಮನೆಯ ನಲ್ಲಿಯ ಹಿಡಿ ಸಡಿಲವಾಗಿ, ಬೀಳುವ ಹಲ್ಲಿನ ಹಾಗೆ ಅಲ್ಲಾಡತೊಡಗಿದಾಗ ಅವಳು ಗಂಡನಿಗೆ ಹೇಳಿದ್ದಳು. ಬೇಸಿಗೆ ಹೋಗಿ ಚಳಿ ಬಂತು. ಕೊನೆಗೆ ಒಂದು ದಿನ ಹಿಡಿಯೇ ಕೈಗೆ ಬಂತು.

"ರೀ, ಪ್ಲಂಬರ್‌ನ ಕರೀಲಾ?"

"ಯಾಕೆ, ಮನೇಲಿ ಗಂಡಸಿಲ್ವಾ?"

ಅವಳು ಕಳಚಿಬಂದ ಹಿಡಿಯನ್ನು ಅವನ ಕೈಗೇ ಇಟ್ಟಳು.

ರಜೆಯ ದಿನ ಬೆಳಿಗ್ಗೆ ನೋಡೋಣಪ್ಪ ಹಳೇ ಪ್ಯಾಂಟು ತೊಟ್ಟು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಸಿದ್ಧನಾದ. ಪೆನ್ಸಿಲ್ ಯಾಕೆಂದು ಅವನಿಗೇ ಗೊತ್ತು. ಮೊದಲು ತಾರಸಿಗೆ ಹೋಗಿ ಇಡೀ ಕಟ್ಟಡದ ನೀರು ಬಂದ್ ಮಾಡಿ ಬಂದ.

"ಒಂದು ಸ್ಕ್ರೂ ಬಿಗಿ ಮಾಡೋದಕ್ಕೆ ನೀರು ಯಾಕ್ರೀ ನಿಲ್ಲಿಸ್ಬೇಕು?"

"ಪ್ರೆಷರ್ ಅಂತ ಒಂದಿರುತ್ತೆ. ನಿಂಗೆ ತಿಳಿಯಲ್ಲ, ಸುಮ್ನಿರು."

ಸ್ವಲ್ಪ ಹೊತ್ತಿಗೇ ಯಾರೋ ಬಾಗಿಲು ದಬದಬ ಬಡಿದರು. ಮೇಲಿನ ಮನೆಯ ಟೀಚರಮ್ಮ, ತಲೆ ತುಂಬ ಸೋಪಿನ ನೊರೆ. ನೇರ ಅಡುಗೆಮನೆಗೆ ನುಗ್ಗಿದವರು ನೋಡೋಣಪ್ಪನ ಕೈಯಲ್ಲಿದ್ದ ಹಿಡಿಯನ್ನು ನೋಡಿದರು.

"ಇದಕ್ಕಾ?"

"ಟೆಕ್ನಿಕಲ್ ಕೆಲಸ ಮೇಡಂ. ಸ್ವಲ್ಪ ಸಹಕರಿಸಿ."

ಟೀಚರಮ್ಮ ಅವಳ ಮುಖ ನೋಡಿದರು. ಅವಳಿಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋಗುವ ಹಾಗಾಯಿತು. ತಾರಸಿಗೆ ಹೋಗಿ ತಾನೇ ನೀರು ಬಿಟ್ಟು ಬಂದಳು.

ಬರುವಷ್ಟರಲ್ಲಿ ಹಿಡಿ ನಲ್ಲಿಯ ಮೇಲೆ ಕೂತಿತ್ತು. ಮುಟ್ಟಿ ನೋಡಿದಳು. ಕಲ್ಲಿನ ಹಾಗೆ ಭದ್ರ. ಅರೆಕ್ಷಣ ಅವಳಿಗೆ ಗಂಡನ ಬಗ್ಗೆ ಒಳ್ಳೆಯ ಮಾತೊಂದು ಆಡಬೇಕಾಗಿ ಬರುತ್ತದೇನೋ ಎಂದು ದಿಗಿಲಾಯಿತು. ಆದರೆ ಹಿಡಿ ಮುಚ್ಚಿದಂತೆ ಕಂಡರೂ ನೀರು ಭರ್ರನೆ ಸುರಿಯುತ್ತಲೇ ಇತ್ತು.

"ಉಲ್ಟಾ ಕೂರಿಸಿದ್ದೀರಿ."

"ಬೇಕಂತಲೇ ಕಣೇ. ಇದೇ ಕೈಗೆ ಸುಲಭ."

ಬಿಚ್ಚೋಣವೆಂದರೆ, ಬಿಗಿದ ಆರ್ಭಟಕ್ಕೆ ಸ್ಕ್ರೂವಿನ ತಲೆ ಸವೆದು ಬೋಳಾಗಿತ್ತು.

ಇವತ್ತಿಗೂ ಆ ನಲ್ಲಿ ಹಾಗೇ ಇದೆ. ಮನೆಗೆ ಬಂದವರು ನೀರು ನಿಲ್ಲಿಸಲು ಹೋಗಿ ಹೊಟ್ಟೆಯವರೆಗೆ ನೆನೆಯುತ್ತಾರೆ. ನೋಡೋಣಪ್ಪ ಬಾಗಿಲಿಗೆ ಒರಗಿ ಅವರಿಗೆ ಉಲ್ಟಾ ಹಿಡಿಯ ಅನುಕೂಲಗಳನ್ನು ವಿವರಿಸುತ್ತಾನೆ. ಅವಳು ಅವನ ಕಡೆ ತಿರುಗಿಯೂ ನೋಡದೆ ಅತಿಥಿಯ ಕೈಗೆ ಒಣಬಟ್ಟೆ ಕೊಡುತ್ತಾಳೆ.