ಕಾಟಾದ ಕೆಳಗಿನ ಹಣಮವ್ವ

ಬೆಳಗಿನ ಮಬ್ಬು ಇನ್ನೂ ಹರಿದಿಲ್ಲ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ ಸರಕು ತೂಗುವ ವಜನ ಕಾಟಾದ ಮುಂದೆ ಆಗಲೇ ಲಾರಿಗಳು ಸಾಲುಗಟ್ಟಿವೆ. ಮೊದಲನೆಯದು ಶೇಂಗಾ ಚೀಲ ಹೇರಿಕೊಂಡು ತೂಗುವ ಕಟ್ಟೆಯ ಮೇಲೆ ನಿಂತಿದೆ. ಅದರ ಹಿಂದಿನದರಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಮಗ್ಗಗಳಿಗೆ ಹೋಗಬೇಕಾದ ನೂಲಿನ ಗಂಟುಗಳಿವೆ. ರಾತ್ರಿಯೆಲ್ಲ ಮಳೆ ಹೊಡೆದು ರಸ್ತೆ ರಾಡಿಯಾಗಿದೆ. ಕಾಟಾದ ಗುಮಾಸ್ತ ಸಿದ್ದಣ್ಣ ಕೋಣೆಯೊಳಗೆ ಚೀಟಿ ಒತ್ತುವ ಯಂತ್ರಕ್ಕೆ ಕಾಗದ ತೂರಿಸಿ ಹಿಡಿಕೆ ಎಳೆಯುತ್ತಾನೆ. ಚೀಟಿ ಹೊರಬರುತ್ತದೆ. ತೂಕ ಮೂಡಬೇಕಾದ ಜಾಗದಲ್ಲಿ ಬರೀ ಸೊನ್ನೆಗಳು. ಗೋಡೆಯ ಮೇಲಿನ ದೊಡ್ಡ ಮುಳ್ಳು ಕೂಡ ಇದ್ದಲ್ಲೇ ಇದೆ. ಹೊರಗೆ ತುಂಬಿದ ಲಾರಿ ನಿಂತಿದ್ದರೂ ಯಂತ್ರದ ಪಾಲಿಗೆ ಅಲ್ಲಿ ಏನೂ ಇಲ್ಲ.

"ಅಕ್ಕಾ, ಪಾವತಿ ಚೀಟಿ ಮತ್ತ ಸೊನ್ನಿ ಹೊಡ್ಯಾಕತ್ತದ," ಎಂದು ಸಿದ್ದಣ್ಣ ಕಿಟಕಿಯಿಂದ ಕೂಗುತ್ತಾನೆ.

ಅಂಗಳ ಗುಡಿಸುತ್ತಿದ್ದ ಹಣಮವ್ವ ಕಸಬರಿಗೆಯನ್ನು ಗೋಡೆಗೆ ಆನಿಸಿ ಒಳಗೆ ಬರುತ್ತಾಳೆ. ಚೀಟಿಯ ಕಡೆ ಅವಳು ನೋಡುವುದಿಲ್ಲ. ಕೋಣೆಯ ಮೂಲೆಯಲ್ಲಿ ನೆಲದೊಳಗಿಂದ ಎದ್ದು ಯಂತ್ರಕ್ಕೆ ಏರಿರುವ ಬೆರಳು ದಪ್ಪದ ಕಬ್ಬಿಣದ ಸರಳನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎತ್ತುತ್ತಾಳೆ. ಅದು ಸಲೀಸಾಗಿ ಮೇಲೆ ಬರುತ್ತದೆ.

"ಹಗುರ ಅದ. ಕೆಳಗ ಕೊಂಡಿ ಕಳಚೇದ," ಎನ್ನುತ್ತಾಳೆ. "ಭಾರ ಬಂದಿದ್ರ ಮಣ್ಣು ಕಚ್ಚೇದ ಅಂತ ತಿಳೀಬೇಕು. ಈಗ ಇಳೀಬೇಕು ನೋಡು. ಲಾರಿ ಹಿಂದ ತಗಿಸು."

ಲಾರಿ ಹಿಂದೆ ಸರಿಯುತ್ತದೆ. ಹಣಮವ್ವ ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಡುತ್ತಾಳೆ. ಕಟ್ಟೆಯ ಅಂಚಿನ ಕಬ್ಬಿಣದ ಮುಚ್ಚಳ ಎತ್ತಿ, ಬ್ಯಾಟರಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಕಾಲು ಇಳಿಬಿಟ್ಟು, ಕತ್ತಲಿಗೆ ಜಾರುತ್ತಾಳೆ.

ಕಟ್ಟೆಯ ಮೇಲೆ ಲಾರಿ ಹತ್ತಿಸಿ ಚೀಟಿ ಪಡೆದು ಹೋಗುವ ಯಾರಿಗೂ ಈ ಕತ್ತಲಿನ ಸುದ್ದಿ ತಿಳಿದಿಲ್ಲ. ಕೆಳಗೆ ಎದೆಯಾಳದ ತಗ್ಗಿದೆ. ಅದರೊಳಗೆ ದಪ್ಪನೆಯ ಕಬ್ಬಿಣದ ತೋಳುಗಳು ಚಾಚಿಕೊಂಡಿವೆ. ಮೇಲೆ ಬಿದ್ದ ಭಾರವನ್ನೆಲ್ಲ ಅವು ಒಂದೇ ತೋಳಿಗೆ ತಂದು ಒಪ್ಪಿಸುತ್ತವೆ. ಆ ತೋಳಿನ ತುದಿಯ ಕೊಂಡಿಗೆ ಸರಳು ಸಿಕ್ಕಿಕೊಂಡಿರುತ್ತದೆ. ಲಾರಿ ಹತ್ತಿದಾಗ ತೋಳು ಸರಳನ್ನು ಎಳೆಯುತ್ತದೆ, ಸರಳು ಮುಳ್ಳನ್ನು ತಿರುಗಿಸುತ್ತದೆ, ಚೀಟಿಯ ಮೇಲೆ ತೂಕ ಮೂಡುತ್ತದೆ. ಗಾಲಿಗಳಿಂದ ಸುರಿದ ರಾಡಿ ತುಂಬಿಕೊಂಡೋ ಅವಸರದ ಲಾರಿಯೊಂದು ಧಡಕ್ಕನೆ ಹತ್ತಿ ಅಲುಗಿಸಿಯೋ ಕೊಂಡಿ ಕಳಚಿದರೆ ಮುಗಿಯಿತು, ಮೇಲಿನ ಯಂತ್ರಕ್ಕೂ ಕೆಳಗಿನ ಕಬ್ಬಿಣಕ್ಕೂ ಸಂಬಂಧವೇ ಇರುವುದಿಲ್ಲ.

ಮೊಣಕಾಲುದ್ದದ ಕೆಸರಿನಲ್ಲಿ ಕುಕ್ಕರಿಸಿದ ಹಣಮವ್ವ ಮೊದಲು ನೀರು ಮೊಗೆದು, ಕಟ್ಟೆಯ ಮುಂದೆ ಬಂದು ನಿಂತ ಸಿದ್ದಣ್ಣನ ಕೈಗೆ ಕೊಡುತ್ತಾಳೆ. ಮೂಲೆಯ ಕಪ್ಪೆಗಳನ್ನು ಕೈಯಲ್ಲೇ ಸರಿಸುತ್ತಾಳೆ. ಕೊಂಡಿಯನ್ನು ಚಿಂದಿಯಿಂದ ಒರೆಸಿ, ತೋಳಿನ ತುದಿಗೆ ಹೆಗಲು ಕೊಟ್ಟು ಎತ್ತಿ, ಸರಳನ್ನು ಎಳೆದು ಸಿಕ್ಕಿಸುತ್ತಾಳೆ. ಒಂದು ಸಲ ಜಾರುತ್ತದೆ. ಇನ್ನೊಂದು ಸಲಕ್ಕೂ ಜಾರುತ್ತದೆ, ಮೂರನೆಯದಕ್ಕೆ ಕೊಂಡಿ ಹಿಡಿಯುತ್ತದೆ. ಹೆಗಲ ಮೇಲಿನ ಅಂಗಿಗೆ ತುಕ್ಕು ಹತ್ತಿದ ಗುರುತು ಹಳೆಯದಿದೆ, ಅದರ ಮೇಲೆ ಈಗ ಹೊಸದು ಕೂಡುತ್ತದೆ.

"ಯಾರರೆ ಮ್ಯಾಲ ನಿಂದರ್ರಿ," ಎಂದು ಕೆಳಗಿನಿಂದ ದನಿ ಬರುತ್ತದೆ.

ಶೇಂಗಾ ಲಾರಿಯ ಡ್ರೈವರ್ ಬೀಡಿ ಎಸೆದು ಕಟ್ಟೆಯ ಮೇಲೆ ನಿಲ್ಲುತ್ತಾನೆ. ಒಳಗೆ ಮುಳ್ಳು ನಡುಗಿ ಒಂದಿಷ್ಟು ಸರಿಯುತ್ತದೆ. ಸಿದ್ದಣ್ಣ ಕೋಣೆಗೆ ಓಡಿ, ಹಿಡಿಕೆ ಎಳೆದು, ಚೀಟಿ ನೋಡಿ, "ಬಂತಕ್ಕಾ, ಮನಷ್ಯಾನ ತೂಕ ಬಂತು," ಎನ್ನುತ್ತಾನೆ.

ಡ್ರೈವರ್ ನಗುತ್ತಾನೆ.

ಹಣಮವ್ವ ಹತ್ತಿರದ ಕುಂಭಾರಿ ಹಳ್ಳಿಯವಳು. ಬೆಳಗಿನ ಮೊದಲ ಎಸ್‌ಟಿ ಬಸ್ಸಿಗೆ ಬಂದು ಕತ್ತಲಾಗುವ ಮುನ್ನ ತಿರುಗಿ ಹೋಗುತ್ತಾಳೆ. ಸುಗ್ಗಿಯ ದಿನಗಳಲ್ಲಿ ಈ ಕಾಟಾದ ಮೇಲೆ ನಲವತ್ತು, ಐವತ್ತು ಲಾರಿ ಹತ್ತಿಳಿಯುತ್ತವೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತಗ್ಗಿಗೆ ಇಳಿದರೆ ಸಾಕು, ಮಳೆಗಾಲದಲ್ಲಿ ವಾರಕ್ಕೆರಡು ಸಲ. ಅವಳ ಕೆಲಸದ ಹೆಸರು ಮಾತ್ರ ಇಂದಿಗೂ ಕಸಗುಡಿಸುವವಳು ಎಂದೇ ಇದೆ. ತಗ್ಗಿಗೆ ಊರ ಕಡೆ ಹೇಳುವಂತೆ ಯಾರಾದರೂ ಕುಣಿ ಎಂದರೆ ತಡೆಯುತ್ತಾಳೆ. "ಕುಣಿ ಅನಬ್ಯಾಡ್ರಿ, ಹೆಣಾ ಇಡೂದಕ್ಕ ಅಂತಾರ ಅದನ್ನ. ಖಡ್ಡಾ ಅನ್ರಿ."

ಮೊದಲು ಇಳಿಯುತ್ತಿದ್ದವನು ಅವಳ ಗಂಡ ಕಾಮಣ್ಣ. ಕಾಟಾ ಕೂರಿಸಲು ಪುಣೆಯಿಂದ ಬಂದಿದ್ದ ಮಿಸ್ತ್ರಿಯೇ ಅವನಿಗೆ ಕೆಲಸ ಕಲಿಸಿದ್ದ. ಎರಡು ಮಳೆಗಾಲದ ಹಿಂದೆ ಇಂಥದೇ ಒಂದು ಬೆಳಿಗ್ಗೆ ಅವನು ಕೆಳಗಿದ್ದಾಗ, ಆಗಿನ ಗುಮಾಸ್ತ ಚಹಾ ಕುಡಿಯಲು ರಸ್ತೆಯಾಚೆ ಹೋಗಿದ್ದ. ಕಾಟಾ ಖಾಲಿ ಇದೆಯೆಂದು ತಿಳಿದ ಪರ ಊರಿನ ಡ್ರೈವರನೊಬ್ಬ ಲಾರಿ ಹತ್ತಿಸಿಬಿಟ್ಟ. ಮೇಲೆ ಕಟ್ಟೆ ಕೂದಲೆಳೆಯಷ್ಟು ಕುಸಿದರೆ ಕೆಳಗೆ ತೋಳಿನ ತುದಿ ಗೇಣುದ್ದ ಜಿಗಿಯುತ್ತದೆ. ಅದು ಕಾಮಣ್ಣನ ಸೊಂಟವನ್ನು ಕಲ್ಲಿನ ಗೋಡೆಗೆ ಒತ್ತಿ ಹಿಡಿಯಿತು. ಕೂಗು ಕೇಳಿ ಓಡಿಬಂದವರು ಲಾರಿ ಇಳಿಸುವಷ್ಟರಲ್ಲಿ ಅವನ ಕಾಲುಗಳು ಅವನ ಮಾತು ಕೇಳದಂತಾಗಿದ್ದವು. ಅಂದಿನಿಂದ ಕುಂಭಾರಿಯ ಮನೆಯ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದಲ್ಲೇ ಇದ್ದಾನೆ.

ಕಾಟಾದ ಮಾಲೀಕ ಶಾಂತಲಿಂಗಪ್ಪನವರದು ನವಿ ಪೇಠದಲ್ಲಿ ನೂಲಿನ ಅಂಗಡಿ. ದವಾಖಾನೆಯ ಖರ್ಚು ಅವರೇ ನೋಡಿಕೊಂಡರು, ಹಣಮವ್ವನಿಗೆ ಗುಡಿಸುವ ಕೆಲಸ ಕೊಟ್ಟರು. ಅದನ್ನು ಅವಳು ಇಂದಿಗೂ ನೆನೆಯುತ್ತಾಳೆ. ಮುಂದಿನ ಮಳೆಗೆ ಚೀಟಿಯ ಮೇಲೆ ಸೊನ್ನೆ ಬೀಳತೊಡಗಿದಾಗ ಅಲ್ಲಿಯವರೆಗೆ ತಿಂಗಳಿಗೊಮ್ಮೆ ಬಂದುಹೋಗುತ್ತಿದ್ದ ಪುಣೆಯ ಮಿಸ್ತ್ರಿ ಈಗ ಬರಲು ವಾರವಾಗುವುದೆಂದು ತಿಳಿಯಿತು. ತಗ್ಗಿಗೆ ಇಳಿಯಲು ಯಾರೂ ಒಪ್ಪಲಿಲ್ಲ. ಕಾಟಾ ಮುಚ್ಚಿದರೆ ಗುಡಿಸುವ ಕೆಲಸವೂ ಹೋಗುತ್ತದೆಂದು ಹಣಮವ್ವನಿಗೆ ಹೊಳೆಯಿತು.

"ನಾ ಇಳೀತೀನ್ರಿ ಸಾವಕಾರ್ರ ಅಂದೆ. ಬಾಯಿಂದ ಹೊಂಟಮ್ಯಾಲ ನನಗ ಅಂಜಿಕಿ ಬಂತು," ಎಂದು ಅವಳು ತನ್ನನ್ನು ಮಾತಾಡಿಸಲು ಬಂದ ಪತ್ರಿಕೆಯವರಿಗೆ ಹೇಳುತ್ತಾಳೆ.

ಅಂದು ಸಂಜೆ ಸುದ್ದಿ ಕೇಳಿದ ಕಾಮಣ್ಣ ರೊಟ್ಟಿ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ. "ನನ್ನ ಜಾಗಾದಾಗ ನಿನ್ನ ಇಳಿಸಾಕತ್ತಾರೇನು," ಎಂದ. ಮರುದಿನ ನಸುಕಿನಲ್ಲಿ ಅವನೇ ಅವಳನ್ನು ಕರೆದು, ಲಟ್ಟಣಿಗೆ ತರಿಸಿ, ಅದರ ತುದಿಗೆ ಹಗ್ಗ ಕಟ್ಟಿಸಿ, ಹಗ್ಗವನ್ನು ತೊಲೆಯ ಗೂಟಕ್ಕೆ ತೂಗಹಾಕಿಸಿದ. ಲಟ್ಟಣಿಗೆ ತೋಳಾಯಿತು, ಹಗ್ಗ ಸರಳಾಯಿತು. ಯಾವುದನ್ನು ಮೊದಲು ಮುಟ್ಟಬೇಕು, ಹೆಗಲು ಎಲ್ಲಿ ಕೊಡಬೇಕು, ತೋಳಿಗೂ ಗೋಡೆಗೂ ನಡುವೆ ಯಾಕೆ ಎಂದೂ ನಿಲ್ಲಬಾರದು ಎಂಬುದನ್ನು ಮಲಗಿದಲ್ಲಿಂದಲೇ ಹೇಳಿಕೊಟ್ಟ. ಹೇಳುವಾಗ ಒಂದು ಸಲವೂ ಅವಳ ಮುಖ ನೋಡಲಿಲ್ಲ. ಹನ್ನೆರಡರ ಮಗಳು ನೀಲಗಂಗಾ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು.

ಈಗ ಕಾಮಣ್ಣ ಸಂಜೆ ಕೇಳುವುದು ಒಂದೇ ಪ್ರಶ್ನೆ. "ಇವತ್ತ ಇಳಿದಿ?"

ಹೋದ ತಿಂಗಳ ಒಂದು ಮಧ್ಯಾಹ್ನದ ಮಾತನ್ನು ಹಣಮವ್ವ ಅವನಿಗೆ ಹೇಳಿಲ್ಲ. ಅಂದು ಅವಳು ಕೆಳಗೆ ಸರಳು ಸಿಕ್ಕಿಸುತ್ತಿದ್ದಾಗ ತಲೆಯ ಮೇಲೆ ಗುಡುಗಿನಂಥ ಸದ್ದಾಯಿತು. ಸಾಲಿನಲ್ಲಿ ಕಾದು ಬೇಸತ್ತ ಲಾರಿಯೊಂದು ಮುಂದಿನ ಎರಡು ಗಾಲಿ ಹತ್ತಿಸಿತ್ತು. ಸಿದ್ದಣ್ಣ ಬರಿಗಾಲಲ್ಲಿ ಓಡಿಹೋಗಿ ಲಾರಿಯ ಮೂತಿಗೆ ಎರಡೂ ಕೈ ಬಡಿದು ನಿಲ್ಲಿಸಿದ. ಅಷ್ಟರಲ್ಲಿ ಹಣಮವ್ವನ ಪಕ್ಕದಲ್ಲೇ ತೋಳು ಜಿಗಿದು ಗೋಡೆಗೆ ಬಡಿದಿತ್ತು. ಗಂಡ ಹೇಳಿಕೊಟ್ಟ ಜಾಗದಲ್ಲಿ ನಿಂತಿದ್ದರಿಂದ ಉಳಿದಳು. ಅಪಘಾತದ ದಿನ ಅವನು ನಿಂತಿದ್ದ ಜಾಗದಲ್ಲಿ ಕಲ್ಲಿನ ಚಕ್ಕೆ ಎದ್ದಿತ್ತು.

"ನನಗೇನೂ ಆಗಲಿಲ್ರಿ. ಬರೇ ಮಣ್ಣು ಬಿತ್ತು," ಎನ್ನುತ್ತಾಳೆ. "ಖರೇ ಅಂದ್ರ ಅಲ್ಲೇ ಕುಂತೆ. ಆಮ್ಯಾಲ ಕೆಲಸ ಅರ್ಧಾ ಆಗೇದಲ್ಲ ಅಂತ ಕೊಂಡಿ ಸಿಕ್ಕಿಸಿ ಬಂದೆ."

ಅಂದು ಸಂಜೆ ಕಾಮಣ್ಣ ಅವಳನ್ನು ತುಸು ಹೆಚ್ಚು ಹೊತ್ತು ನೋಡಿ, "ಗಾಲಿ ಏರಿತ್ತೇನು?" ಎಂದು ಕೇಳಿದ. ಅವಳು ಇಲ್ಲವೆಂದಳು. ಹಾಗಾದರೆ ಈ ವಿಷಯ ಪತ್ರಿಕೆಯಲ್ಲಿ ಬರೆಯುವುದು ಬೇಡವೇ ಎಂದು ಪತ್ರಿಕೆಯವರು ಕೇಳಿದರೆ ಹಾಗೇನಿಲ್ಲವೆಂದು ತಲೆ ಅಲ್ಲಾಡಿಸುತ್ತಾಳೆ.

"ಬರೀರಿ. ಅವ್ರಿಗೆ ಓದಾಕ ಬರಂಗಿಲ್ಲ. ಮಗಳ ಸಾಲಿ ಮರಾಠಿ. ಕನ್ನಡ ಪೇಪರ ನಮ್ಮ ಮನ್ಯಾಗ ಯಾರಿಗೂ ತಿಳ್ಯಂಗಿಲ್ಲ."

ಕೆಳಗೆ ಯಾರಾದರೂ ಇರುವಾಗ ಲಾರಿಗಳನ್ನು ತಡೆಯಲು ಕಟ್ಟೆಯ ಎರಡೂ ಬದಿಗೆ ಒಂದೊಂದು ಕಬ್ಬಿಣದ ಸರಪಳಿ ಹಾಕಿಸಿಕೊಡಿ ಎಂದು ಆ ಘಟನೆಯ ಮರುದಿನವೇ ಅವಳು ನವಿ ಪೇಠಕ್ಕೆ ಹೋಗಿ ಕೇಳಿದ್ದಳು. ಶಾಂತಲಿಂಗಪ್ಪನವರು ಅವಳನ್ನು ಕೂರಿಸಿ ಚಹಾ ತರಿಸಿದರು. "ಹಣಮವ್ವ, ಸರಪಳಿ ಕಂಡ್ರ ಕಾಟಾ ಬಂದ್ ಅದ ಅಂತ ಗಾಡಿ ಮುಂದಿನ ಕಾಟಾಕ್ಕ ಹೋಗ್ತಾವ. ದೀಪಾವಳಿ ಆಗ್ಲಿ, ನೋಡೂಣು," ಎಂದರು. ಅವಳು ಮನೆಯಿಂದ ಹಗ್ಗ ತಂದು ಕಟ್ಟಿದಳು. ಎರಡನೆಯ ದಿನವೇ ಅದನ್ನು ಲಾರಿಯೊಂದು ಹರಿದುಕೊಂಡು ಹೋಯಿತು. ಈಗ ಅವಳು ಇಳಿದಾಗಲೆಲ್ಲ ಸಿದ್ದಣ್ಣ ಕೋಣೆ ಬಿಟ್ಟು ಬಂದು ಕಟ್ಟೆಯ ಮುಂದೆ ನಿಲ್ಲುತ್ತಾನೆ. ಹಿಂಬದಿಗೆ ಯಾರೂ ಇರುವುದಿಲ್ಲ.

ಕಳೆದ ವಾರ ಹಣಮವ್ವನಿಗೆ ಜ್ವರ ಬಂದಿತ್ತು. ಆದರೂ ಬಸ್ಸಿಗೆ ಹೊರಟು ನಿಂತವಳನ್ನು ನೀಲಗಂಗಾ ತಡೆದಳು. "ಅವ್ವಾ, ನೀ ಮಲಕ್ಕೋ. ನಾ ಇಳೀತೀನಿ. ಅಪ್ಪ ಹೇಳಿದ್ದು ನನಗೆಲ್ಲಾ ಬರ್ತದ. ನಾ ಸಣ್ಣಾಕಿ ಇದ್ದೀನಿ, ಗ್ವಾಡಿಗೆ ತಾಗಂಗಿಲ್ಲ," ಎಂದಳು. ಹಣಮವ್ವ ಮಗಳ ಕೆನ್ನೆಗೆ ಹೊಡೆದಳು. ಹೊರಸಿನ ಮೇಲಿಂದ ಕಾಮಣ್ಣ ಆಕೆಯನ್ನು ತಡೆಯಲೂ ಇಲ್ಲ, ಮಗಳನ್ನು ಬೈಯಲೂ ಇಲ್ಲ. ಜ್ವರದಲ್ಲೇ ಅವಳು ಬಸ್ಸು ಹತ್ತಿದಳು.

ಅದನ್ನು ಹೇಳುವಾಗ ಅವಳ ದನಿ ಏರುವುದಿಲ್ಲ. ಉಗುರಿನ ಸಂದಿಯ ಕರಿ ಎಣ್ಣೆಯನ್ನು ಕಡ್ಡಿಯಿಂದ ತೆಗೆಯುತ್ತ, ಎದುರಿನ ರಸ್ತೆಯ ಕಡೆ ನೋಡುತ್ತ ಹೇಳುತ್ತಾಳೆ.

"ಅಕಿ ಸಾಲಿ ಕಲ್ತು ಬ್ಯಾರೆ ಏನರೆ ಆಗ್ಲಿ ಅಂತ ದಿನಾ ಬೇಡಕೋತೀನ್ರಿ. ಆಗದಿದ್ರ, ನನ್ನ ರಟ್ಟಿ ಸೋತ ದಿನ ಅಕಿ ಇಳೀತಾಳ, ನಾ ಬ್ಯಾಡಂದ್ರೂ ಇಳೀತಾಳ. ನನಗ ಇಲ್ಲದಿದ್ರೂ ನಡೀತದ. ಅಕಿ ಇಳಿಯೂದ್ರೊಳಗ ಆ ಸರಪಳಿ ಹಾಕ್ಲಿ."