ಎರಡನೇ ಹಿಡಿ ಒಣದ್ರಾಕ್ಷಿ

ಮೊನ್ನೆ ನನ್ನ ವಿದ್ಯಾರ್ಥಿನಿ ನಾಸಿಕದಿಂದ ಬಂದವಳೇ ಮೇಜಿನ ಮೇಲೆ ನಿಫಾಡ್‌ನ ಒಣದ್ರಾಕ್ಷಿಯ ಪೊಟ್ಟಣ ಇಟ್ಟಳು. "ಮ್ಯಾಡಮ್, ಸಾಪಡಲಂ! ಸಿಕ್ತ್ರೀ!" ಓಝರ್ ವಿಮಾನ ಕಾರ್ಖಾನೆಯ ಕನ್ನಡಿಗ ಟೆಕ್ನಿಶಿಯನ್ ಒಬ್ಬರ ಮಗಳು; ಖುಷಿಯಾದರೆ ಮೊದಲು ಮರಾಠಿಯೇ ಬರುವುದು. ಪೊಟ್ಟಣ ಬಿಚ್ಚಿದ್ದೇ ತಡ, ಆ ಹುಳಿಸಿಹಿ ವಾಸನೆಗೆ ನಮ್ಮ ಗೈಡ್ ಸರ್ ಬಾಗಿಲಲ್ಲಿ ಬಂದು ನಿಂತಂತಾಯಿತು…

ನಾನು ಇದೇ ಛತ್ರಪತಿ ಸಂಭಾಜಿನಗರದಲ್ಲಿ ಪಿಎಚ್.ಡಿ. ಮಾಡಿದ್ದು ಅವರ ಕೈಕೆಳಗೆ. ಮೂಲ ವಿಜಯಪುರದ ಕಡೆಯವರು, ಮನೆ ನಾಸಿಕದಲ್ಲಿ. ಸೋಮವಾರ ಬಸ್ಸಿಳಿದು ಬರುವಾಗ ಕೈಯಲ್ಲಿ ಒಣದ್ರಾಕ್ಷಿಯ ಡಬ್ಬಿ ಇರಲೇಬೇಕು. ನಮ್ಮ ಕೆಲಸವೋ, ಉಪಗ್ರಹ ಹಿಡಿದುಕೊಟ್ಟ ಎಕ್ಸ್-ರೇ ನೋಡುವುದು. ದೂರದ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಅನಿಲ ನುಂಗುವಾಗ ಅದರ ಸುತ್ತಲಿನ ಹೊಳಪು ಏರುತ್ತದೆ, ಇಳಿಯುತ್ತದೆ. ಆ ಏರಿಳಿತದಲ್ಲಿ ಹೊಸದೇನಾದರೂ ಸಿಗಬೇಕು.

ಯಾರಾದರೂ "ಸಿಕ್ತು" ಎಂದು ಓಡಿಬಂದರೆ ಸರ್ ಸರಿಯೋ ತಪ್ಪೋ ಕೇಳುತ್ತಿರಲಿಲ್ಲ. ಮೊದಲು ಒಂದು ಹಿಡಿ ದ್ರಾಕ್ಷಿ, ಆಮೇಲೆ ತಪಾಸಣೆ. ಅದರಲ್ಲಿ ಉಳಿದರೆ ಮಾತ್ರ ಎರಡನೇ ಹಿಡಿ. "ತಪಾಸ ಮಾಡಿದ ಮ್ಯಾಲೆ ಭಾಳ ಖುಷಿ ಉಳಿಯೂದಿಲ್ಲ ತಂಗಿ, ಇದ್ದಾಗ ತಿಂದುಬಿಡು," ಎನ್ನುತ್ತಿದ್ದರು. ನನಗೋ, ಥೀಸಿಸ್‌ಗಿಂತ ಆ ಎರಡನೇ ಹಿಡಿಯ ಮೇಲೇ ಕಣ್ಣು!

ಒಂದು ದಿನ ನನ್ನ ಗ್ಯಾಲಕ್ಸಿ ಒಂದೂವರೆ ತಾಸಿಗೊಮ್ಮೆ ಗಡಿಯಾರ ಇಟ್ಟ ಹಾಗೆ ಮಂಕಾಗಿ ಮತ್ತೆ ಬೆಳಗುವುದು ಕಂಡಿತು. ಕುಣಿಯುತ್ತಾ ಹೋದೆ. ಸರ್ ಹಿಡಿ ತುಂಬ ಕೊಟ್ಟು, ತಾವೂ ಅಗಿಯುತ್ತಾ ಮೆಲ್ಲಗೆ ಕೇಳಿದರು: "ಉಪಗ್ರಹ ಭೂಮಿ ಸುತ್ತಾಕ ಎಷ್ಟೊತ್ತು ತಗೋತೈತಿ?"

ಬಾಯಲ್ಲಿದ್ದ ದ್ರಾಕ್ಷಿ ಅಲ್ಲೇ ನಿಂತಿತು. ಒಂದೂವರೆ ತಾಸು! ಪ್ರತಿ ಸುತ್ತಿಗೂ ಭೂಮಿ ಅಡ್ಡ ಬಂದು ಗ್ಯಾಲಕ್ಸಿಯನ್ನು ಮರೆಮಾಡುತ್ತಿತ್ತು. ಆ ಹೊತ್ತನ್ನು ನಾನು ಲೆಕ್ಕದಿಂದ ತೆಗೆದೇ ಇರಲಿಲ್ಲ. ಭೂಮಿಯನ್ನು ಕಂಡುಹಿಡಿದ ಮಹಾತಾಯಿ! ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇರ್ಲಿ ಬಿಡವಾ, ಭೂಮಿ ಐತಿ ಅಂತ ಪಕ್ಕಾ ಆತಲ್ಲ!" ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಪದವಿ ಬಂತು, ಹೊಸದೇನೂ ಸಿಗಲಿಲ್ಲ. ಸರ್ ನಿವೃತ್ತರಾಗಿ ನಾಸಿಕಕ್ಕೆ ಹೋದರು. ಆಮೇಲೊಂದು ಮಳೆಗಾಲದಲ್ಲಿ ಅವರು ಇನ್ನಿಲ್ಲವೆಂಬ ಸುದ್ದಿ ಬಂತು…

ಈಗ ಆ ಕೋಣೆಯಲ್ಲಿ ನಾನಿದ್ದೇನೆ, ಪದ್ಧತಿಯೂ ಇದೆ. ಹುಡುಗಿಗೆ ಮೊದಲ ಹಿಡಿ ಕೊಟ್ಟು ಅವಳು ತಂದಿದ್ದ ಹೊಳಪಿನ ಏರಿಳಿತದ ಗೆರೆಯನ್ನು ನೋಡಿದೆ. ಕೆಲವೇ ತಾಸಿನಲ್ಲಿ ಗ್ಯಾಲಕ್ಸಿಯ ಹೊಳಪು ಎರಡು ಪಟ್ಟು ಏರಿ ಮತ್ತೆ ಇಳಿದಿತ್ತು. ಭೂಮಿ ಅಡ್ಡ ಬಂದ ಹೊತ್ತನ್ನು ಅವಳು ಮೊದಲೇ ತೆಗೆದಿದ್ದಳು, ಜಾಣೆ. ಹಿನ್ನೆಲೆಯ ಗದ್ದಲ ಕಳೆದೆವು, ಅದೇ ಉಪಗ್ರಹದ ಇನ್ನೊಂದು ಉಪಕರಣದಲ್ಲೂ ನೋಡಿದೆವು. ಆ ಏರಿಳಿತ ಜಪ್ಪಯ್ಯ ಅಂದರೂ ಅಲುಗಲಿಲ್ಲ! ಇಬ್ಬರೂ ಕಿರುಚಿದ್ದಕ್ಕೆ ಪಕ್ಕದ ಕೋಣೆಯವರು ಇಣುಕಿ ಹೋದರು.

ಎರಡನೇ ಹಿಡಿ ಕೊಟ್ಟೆ. ಅವಳು ಅದರಲ್ಲಿ ಅರ್ಧವನ್ನು ನನ್ನ ಅಂಗೈಗೇ ಸುರಿದಳು. "ಇದರಾಗ ನಿಮ್ದೂ ಐತಲ್ರಿ ಮ್ಯಾಡಮ್."

ಸರ್ ಇರಬೇಕಿತ್ತು. "ಈ ಸಲ ಉಳೀತ್ರೀ ಸರ್," ಎಂದು ಖಾಲಿ ಬಾಗಿಲಿಗೆ ಹೇಳಿ, ಬಾಯಿಗೆ ಹಾಕಿಕೊಂಡೆ.