ಒಂದು ಪದಕ್ಕೆ ಒಂದೇ ಅರ್ಥ

ಅಕ್ಕಿಹಿಟ್ಟಿನ ಡಬ್ಬ ಇಳಿಸಲು ಹೋಗಿ, ಕಪಾಟಿನ ಮೇಲಿದ್ದ ನೋಟ್‌ಬುಕ್ಕೊಂದನ್ನು ತಲೆಯ ಮೇಲೆ ಕೆಡವಿಕೊಂಡೆ. ಪೆಟ್ಟೇನೂ ಆಗಲಿಲ್ಲ. ಹಾಳೆ ಬಿಡಿಸಿದರೆ ಹುಳಿ ಬಂದ ಕಾಫಿಹಣ್ಣಿನ ವಾಸನೆ. ಮೂರು ವರ್ಷವಾದರೂ ಹೋಗಿಲ್ಲ ನೋಡಿ. ನೀವು ನಗಬಾರದು, ಅದು ನನ್ನ ಸ್ಪ್ಯಾನಿಷ್ ನೋಟ್‌ಬುಕ್. ಅರವತ್ತೆರಡನೆಯ ವಯಸ್ಸಿನಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕಲಿತದ್ದು. ಅದು ಇವತ್ತೇ ಬೀಳಬೇಕೆ? ಇನ್ನರ್ಧ ಗಂಟೆಗೆ ಯೂಸುಫ್ ತಿಂಡಿಗೆ ಬರುತ್ತಾನೆ. ಅವನಿಗೆ ಹೇಳಬೇಕಾದ ಒಂದು ಮಾತು ಆ ನೋಟ್‌ಬುಕ್ಕಿನಷ್ಟೇ ದಿನದಿಂದ ನನ್ನ ಗಂಟಲಲ್ಲಿ ಕೂತಿದೆ.

ಯೂಸುಫ್ ನನ್ನ ಹಳೆಯ ವಿದ್ಯಾರ್ಥಿ. ಘಟ್ಟದ ಅಂಚಿನ ಒಂದು ಹೈಸ್ಕೂಲಿನಲ್ಲಿ ನಾನು ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿದೆ, ಅಥವಾ ಕಲಿಸಿದೆ ಎಂದುಕೊಂಡೆ. ಅವನೀಗ ಸಕಲೇಶಪುರದಲ್ಲಿ ಕಾಫಿ ವ್ಯಾಪಾರಿ, ಮಾರನಹಳ್ಳಿಯ ಹತ್ತಿರ ಕಾಫಿ ಒಣಗಿಸಲು ಸ್ವಂತ ಕಣ ಮಾಡಿದ್ದಾನೆ. ಮೂರು ವರ್ಷದ ಹಿಂದೆ, ಕಾಫಿಕುಯ್ಲಿನ ಹೊತ್ತಿಗೆ, ಒಂದು ದಿನ ಬಂದು ಸೋಫಾದ ತುದಿಯಲ್ಲಿ ಕೂತ. ನನ್ನೆದುರು ಅವನು ಇಂದಿಗೂ ಒರಗಿ ಕೂರುವುದಿಲ್ಲ.

"ಟೀಚರೇ, ಲೂಸಿಯಾ ಅಂತ, ಕೊಲಂಬಿಯಾದೋರು. ಹಣ್ಣನ್ನ ಹುಳಿ ಬರ್ಸಿ ಒಣಗ್ಸೋದು ಹೇಳ್ಕೊಡಕ್ಕೆ ಬರ್ತಾವ್ರೆ. ಮಾತೆಲ್ಲ ಸ್ಪ್ಯಾನಿಷ್, ಇಂಗ್ಲಿಷ್ ಅಷ್ಟಕ್ಕಷ್ಟೆ. ನಿಮ್ಮನೇಲೇ ಇರ್ಲಿ, ನೀವು ಒಸಿ ಮಾತಾಡ್ಸಿ."

"ಈಗ ಫೋನೇ ಮಾತಾಡಿಸ್ತದಂತಲ್ಲೋ?"

"ಕಣದಲ್ಲಿ ಸಿಗ್ನಲ್ ಬೇಕಂದ್ರೆ ನೀರಿನ ಟ್ಯಾಂಕ್ ಹತ್ಬೇಕು. ಎಲ್ರೂ ಟ್ಯಾಂಕ್ ಮೇಲೆ ನಿಂತ್ಕಂಡು ಕಾಫಿ ಒಣಗ್ಸಕಾಯ್ತದಾ?"

ಸರಿ, ಒಪ್ಪಿದೆ. ಟೀಚರ್ ಎನ್ನುವ ಪ್ರಾಣಿಗೆ ಹೊಗಳಿಕೆ ಬೇಡ, ಒಂದು ಕೆಲಸ ಕೊಟ್ಟರೆ ಸಾಕು. ಸ್ಪ್ಯಾನಿಷ್ ಕಲಿಸುವ ಹಳೆಯ ಪುಸ್ತಕವೊಂದನ್ನು ತರಿಸಿಕೊಂಡೆ. ಹೊಸ ನೋಟ್‌ಬುಕ್ಕಿನ ನಡುವೆ ಕೆಂಪು ಗೆರೆ ಎಳೆದೆ. ಎಡಗಡೆ ಇಂಗ್ಲಿಷಿನ ಐವತ್ತು ಕ್ರಿಯಾಪದ, ಬಲಗಡೆ ಒಂದೊಂದಕ್ಕೂ ಒಂದೊಂದು ಸ್ಪ್ಯಾನಿಷ್ ಪದ. ನನ್ನ ತರಗತಿಯ ಮಕ್ಕಳೆಲ್ಲ ಹೀಗೇ ಬರೆದವರು. ಒಂದು ಪದಕ್ಕೆ ಒಂದೇ ಅರ್ಥ, ಬಾಯಿಪಾಠ ಮಾಡಿ, ಮುಗಿಯಿತು. ಐವತ್ತನ್ನೂ ಎರಡು ವಾರದಲ್ಲಿ ಉರು ಹೊಡೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಲೂಸಿಯಾ ಬಂದಳು. ಮೂವತ್ತೈದರ ಹೆಂಗಸು, ನಗು ಜಾಸ್ತಿ, ನಮ್ಮ ಅಕ್ಕಿರೊಟ್ಟಿಯನ್ನು ಕಂಡೊಡನೆ ತನ್ನ ಊರಿನದೇ ಎಂಬಂತೆ ಮುರಿದು ತಿಂದಳು. ಮೂರನೆಯ ದಿನ ನಾವಿಬ್ಬರೂ ಕಣದಲ್ಲಿದ್ದಾಗ ಆಕಾಶ ಕಪ್ಪಾಯಿತು. ಕಣದ ಕೆಲಸದ ಉಸ್ತುವಾರಿ ಕೆಂಪಮ್ಮನದು. ಅವಳು ಓಡಿ ಬಂದು, "ಅಮ್ಮಾ, ಮೋಡ ಕಟ್ತಾ ಐತೆ. ಕಾಫಿನ ಒಳೀಕೆ ತಗಂಡೋಗಕೆ ಹೇಳಿ ಆಯಮ್ಮಂಗೆ" ಎಂದಳು. ನನ್ನ ಪಟ್ಟಿಯಲ್ಲಿ 'ಟೇಕ್' ಎಂದರೆ ತೊಮಾರ್. ಗಂಟಲು ಸರಿಮಾಡಿಕೊಂಡು, "ಲೂಸಿಯಾ, ತೊಮಾ ಎಲ್ ಕಫೆ!" ಎಂದು ಕೂಗಿದೆ. ಅವಳು ಥ್ಯಾಂಕ್ಸ್ ಹೇಳಿ, ಜಗಲಿಯಲ್ಲಿದ್ದ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಆರಾಮಾಗಿ ಕುಡಿಯುತ್ತಾ ಕೂತಳು. ತೊಮಾರ್ ಎಂದರೆ ಅವರಿಗೆ ಕುಡಿಯುವುದೂ ಹೌದಂತೆ. ಹೊತ್ತುಕೊಂಡು ಹೋಗುವುದಕ್ಕೆ ಯೆವಾರ್ ಎನ್ನಬೇಕಿತ್ತಂತೆ.

"ಅಯ್ಯೋ ಶಿವನೇ, ಮಳೆ ಬತ್ತಾ ಐತೆ ಅಂದ್ರೆ ಇವ್ರು ಕಾಫಿ ಕುಡೀತಾವ್ರಲ್ಲ!" ಎಂದು ಬೈದುಕೊಳ್ಳುತ್ತಲೇ ಕೆಂಪಮ್ಮ ಟಾರ್ಪಾಲ್ ಎಳೆದು ಮಾಲು ಉಳಿಸಿದಳು.

ಅವತ್ತಿನಿಂದ ನಾನು ಎಂಟನೇ ಕ್ಲಾಸಿನ ಹುಡುಗಿಯಾದೆ, ಲೂಸಿಯಾ ಟೀಚರ್. ಕೆಂಪು ಗೆರೆಯ ಪಟ್ಟಿ ಮೂಲೆ ಸೇರಿತು. ಪದಕ್ಕೊಂದು ಅರ್ಥವಲ್ಲ, ಪದಕ್ಕೊಂದು ಪುಟವೇ ಬೇಕಾಯಿತು. 'ಆಸ್ಕ್' ಎಂದರೆ ಪ್ರಶ್ನೆ ಕೇಳಲು ಒಂದು, ಸಾಲವೋ ಸಕ್ಕರೆಯೋ ಕೇಳಲು ಇನ್ನೊಂದು. ಗೊತ್ತು ಎನ್ನುವ 'ನೋ'ಗೂ ಎರಡು: ವಿಷಯ ಗೊತ್ತಿದ್ದರೆ ಸಬೇರ್, ಊರೋ ಮನುಷ್ಯರೋ ಪರಿಚಯವಿದ್ದರೆ ಕೊನೊಸೇರ್. "ಎಡಕುಮೇರಿ ಗೊತ್ತಾ?" ಎಂದು ಕೇಳಿದಳು. ಗೊತ್ತು ಎಂದೆ. ಹೋಗಿದ್ದೀಯಾ ಎಂದಳು. ಘಟ್ಟದ ಆ ಸ್ಟೇಷನ್ನಿನ ಬೋರ್ಡನ್ನು ಎಷ್ಟೋ ಸಲ ರೈಲಿನ ಕಿಟಕಿಯಿಂದ ಓದಿದ್ದೇನೆ, ಇಳಿದಿಲ್ಲ. ಹಾಗಾದರೆ ಕೊನೊಸೇರ್ ಅನ್ನಬೇಡ ಎಂದಳು, ಕಟ್ಟುನಿಟ್ಟಾಗಿ.

ಒಂದು ಭಾನುವಾರ ಮಧ್ಯಾಹ್ನ 'ಟೇಕ್'ನ ಪುಟ ಬರೆದು ಮುಗಿಸಿದೆ. ಮಾತ್ರೆಯಾದರೆ ಇದು, ಸ್ನಾನವಾದರೆ ಅದು, ಫೋಟೊ ಆದರೆ ಮತ್ತೊಂದು, ಹೊತ್ತು ಹಿಡಿಯುವುದಾದರೆ ಮಗದೊಂದು. ಪುಟ ತುಂಬಿ ಅಂಚಿಗೂ ಹತ್ತಿತ್ತು. ಪೆನ್ನು ಕೆಳಗಿಟ್ಟೆ. ಈ ಪುಟವನ್ನು ನಾನು ಮೊದಲೇ ನೋಡಿದ್ದೆ.

ಎಂಟನೇ ಕ್ಲಾಸಿನ ಯೂಸುಫ್ ಬರೆದಿದ್ದ. ಟೇಕ್ ಎಂದರೆ ತೆಗೆದುಕೊ ಎಂದು ನಾನು ಬರೆಸಿದ್ದರೆ, ಅವನು ಬಸ್ಸಾದರೆ ಹತ್ತು, ಮಾತ್ರೆಯಾದರೆ ನುಂಗು, ಸ್ನಾನವಾದರೆ ಮಾಡು, ಲೆಫ್ಟ್ ಆದರೆ ತಿರುಗು ಎಂದು ಇಡೀ ಪುಟ ತುಂಬಿಸಿದ್ದ. "ಅಧಿಕಪ್ರಸಂಗಿ" ಎಂದು ಮೂಲೆಯಿಂದ ಮೂಲೆಗೆ ಕೆಂಪು ಗೀಟು ಹಾಕಿ, ಹತ್ತಕ್ಕೆ ಸೊನ್ನೆ ಕೊಟ್ಟು, ಒಂದು ಪೀರಿಯಡ್ ವರಾಂಡದಲ್ಲಿ ನಿಲ್ಲಿಸಿದ್ದೆ. ಆಮೇಲೆ ಅವನು ನನ್ನ ಕ್ಲಾಸಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಗಲಾಟೆಯಿಲ್ಲದ ಹುಡುಗ ಎಂದು ನನಗೆ ಖುಷಿಯಾಗಿತ್ತು ಬೇರೆ. ಅವನ ಹಾಜರಿ ನಂಬರು ನನಗೆ ಗೊತ್ತಿತ್ತು. ಅವನ ಸ್ಟೇಷನ್ನಿನಲ್ಲಿ ನಾನು ಇಳಿದಿರಲಿಲ್ಲ.

ನಮ್ಮ ಕಡೆ ದೊಡ್ಡವರು ಚಿಕ್ಕವರಿಗೆ ತಪ್ಪಾಯಿತು ಅನ್ನುವುದಿಲ್ಲ. ಇನ್ನೊಂದು ರೊಟ್ಟಿ ಬಡಿಸುತ್ತಾರೆ. ನನ್ನ ಅತ್ತೆ ನನ್ನನ್ನು ಬೈದ ದಿನವೆಲ್ಲ ನನ್ನ ತಟ್ಟೆಯಲ್ಲಿ ಬೆಣ್ಣೆ ಹೆಚ್ಚಿರುತ್ತಿತ್ತು. ನಾನೂ ಹಾಗೇ ಮಾಡಿದೆ. ಮಾರನೆಯ ದಿನ ಲೂಸಿಯಾಳನ್ನು ಕರೆದೊಯ್ಯಲು ಬಂದ ಯೂಸುಫ್‌ನಿಗೆ ಅವರೆಕಾಳು ಸಾರಿನ ಜೊತೆ ಬೇಡ ಬೇಡವೆಂದರೂ ಐದು ರೊಟ್ಟಿ ಹಾಕಿದೆ.

"ಏನ್ ಟೀಚರೇ ಇವತ್ತು ವಿಶೇಷ?"

"ಏನಿಲ್ಲ ಕಣೋ. ಹಿಟ್ಟು ಹೆಚ್ಚಾಗಿತ್ತು."

ಹೇಡಿ ನಾನು. ಲೂಸಿಯಾ ಊರಿಗೆ ಹೋದಳು, ನೋಟ್‌ಬುಕ್ ಕಪಾಟು ಹತ್ತಿತು. ಈಗ ಅವಳು ಮತ್ತೆ ಬರುತ್ತಾಳೆ ಎಂದು ನಿನ್ನೆ ಯೂಸುಫ್ ಫೋನ್ ಮಾಡಿದ. ಅದರ ಮಾತುಕತೆಗೇ ಇವತ್ತಿನ ತಿಂಡಿ.

ಬಂದ. ಸೋಫಾದ ತುದಿಯಲ್ಲೇ ಕೂತ. ತಟ್ಟೆಗೆ ಎರಡೇ ರೊಟ್ಟಿ ಹಾಕಿ ಎದುರು ಕೂತೆ. ನೋಟ್‌ಬುಕ್ಕಿನ ಆ ಪುಟ ತೆರೆದಿಟ್ಟು, "ಯೂಸುಫ್, ಎಂಟನೇ ಕ್ಲಾಸಲ್ಲಿ ನೀನು ಬರೆದದ್ದೇ ಸರಿ ಕಣೋ. ತಪ್ಪು ನಂದು" ಎಂದುಬಿಟ್ಟೆ.

ಅವನು ಪುಟದ ಸಾಲುಗಳ ಮೇಲೆ ಬೆರಳಾಡಿಸಿದ. "ನೆನಪೈತೆ ಟೀಚರೇ. ಬೇಜಾರಾಗಿತ್ತು. ಅದು ನಾನ್ ಬರ್ದಿದ್ದಲ್ಲ, ನಮ್ಮ ಅಬ್ಬಾ ಹೇಳ್ಕೊಟ್ಟಿದ್ದು. ಲಾರಿ ಓಡಿಸ್ತಾ ಮಂಗಳೂರ್ ಬಂದರಲ್ಲಿ ಕಲ್ತಿದ್ರಲ್ಲ, ಅವ್ರ ಇಂಗ್ಲಿಷು."

"ಅಯ್ಯೋ. ಅವರಿಗೆ ಏನು ಹೇಳಿದೆ?"

"ಹತ್ತಕ್ಕೆ ಹತ್ತು ಬಂತು ಅಂದ್ಬುಟ್ಟೆ. ಇವತ್ಗೂ ಹೋಟ್ಲಲ್ಲಿ ಎಲ್ರಿಗೂ ಹೇಳ್ಕಂಡ್ ತಿರುಗ್ತಾರೆ. ಆ ಬುಕ್ ತೋರ್ಸೋ ಅಂತಾರೆ, ನಾನು ಕಳ್ದೋಯ್ತು ಅಂತೀನಿ."

ಎದ್ದು ಹೋಗಿ ಖಾಲಿ ಹಾಳೆ, ನೀಲಿ ಪೆನ್ನು ತಂದು ಅವನ ಮುಂದಿಟ್ಟೆ. "ಬರಿ. ಅವತ್ತಿನ ಹಾಗೇ." ನಲವತ್ತು ದಾಟಿದ ವ್ಯಾಪಾರಿ ಕೈ ತೊಳೆದು ಬಂದು, ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆದ. ಬಸ್ಸಾದರೆ ಹತ್ತು. ಲೆಫ್ಟ್ ಆದರೆ ತಿರುಗು. ಒಂದೂ ಮರೆತಿರಲಿಲ್ಲ. ನಾನು ಕೆಂಪು ಪೆನ್ನಿನಲ್ಲಿ ಹತ್ತಕ್ಕೆ ಹತ್ತು ಹಾಕಿ ಸಹಿ ಮಾಡಿದೆ. ಹಾಳೆಯನ್ನು ಮಡಚಿ, ಅಬ್ಬಾನಿಗೆ ತೋರಿಸಲೆಂದು ಜೇಬಿಗಿಟ್ಟುಕೊಂಡು, ಅವನು ಮೊದಲ ಸಲ ಸೋಫಾಕ್ಕೆ ಒರಗಿ ಕೂತ.

"ಟೀಚರೇ, ಇನ್ನೊಂದ್ ರೊಟ್ಟಿ ಐತಾ?"

"ಇಲ್ಲ ಕಣೋ," ಎಂದೆ. "ಇವತ್ತು ಬಾಯಲ್ಲೇ ಹೇಳಿಬಿಟ್ಟೆನಲ್ಲ."